ತಾಯವ್ವನ ಪೇಟಿಯ ಶ್ರುತಿ

ಮೂರು ವಾರದಿಂದ ಗೌತಮಿಗೆ ಊಟ ರುಚಿಸುತ್ತಿರಲಿಲ್ಲ. ಬಾಗಲಕೋಟೆಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಈಕೆ, ಮೂವತ್ತು ವರ್ಷದ ಹಿಂದಿನ ಒಂದು ಜಪಾನಿ ಸಿಂಥಸೈಜರ್ ಡಬ್ಬಿಯ ದನಿಯನ್ನು ಲ್ಯಾಪ್‌ಟಾಪಿನಲ್ಲೇ ಹುಟ್ಟಿಸುವ ಪ್ರೋಗ್ರಾಮ್ ಬರೆದಿದ್ದಳು. ಆಗಿನ ಕಂಪ್ಯೂಟರ್ ಆಟಗಳು ಹಾಡುತ್ತಿದ್ದದ್ದು ಅಂಥ ಡಬ್ಬಿಯಲ್ಲೇ. ಚಿಕ್ಕಂದಿನಲ್ಲಿ ಅವಳು ಆಡಿದ್ದ ಒಂದು ಆಟ ಈಗ ಮತ್ತೆ ಬರಲಿತ್ತು. ಶನಿವಾರದೊಳಗೆ ದನಿ ಒಂಚೂರೂ ತಪ್ಪದೆ ಕೂಡಿಸಿ ಕಳಿಸಿದರೆ ಆಟದೊಳಗೆ ಇವಳ ಹೆಸರು ಹಾಕುತ್ತೇವೆ ಎಂದಿದ್ದರು ಆಟದ ಕಂಪನಿಯವರು!

ಹೋಲಿಸಲು ಅಸಲಿ ಡಬ್ಬಿ ಬೇಕಲ್ಲ? ಇಳಕಲ್ಲಿನ ಭಜನಾ ಮೇಳದ ಮಹಾಂತೇಶನಿಂದ ಎರವಲು ತಂದಳು. ಎರಡನ್ನೂ ಕೂಡಿಸಿ ನುಡಿಸಿದರೆ ಕಿವಿಯಲ್ಲಿ ಜಗಳ. ಇವಳ ದನಿ ಕೂದಲೆಳೆಯಷ್ಟು ಕೆಳಗೆ.

“ನನ್ನ ಲೆಕ್ಕ ಸರಿ ಅದ. ಆ ಡಬ್ಬೀದ ತಪ್ಪಿರಬೇಕು,” ಎಂದಳು.

“ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ,” ಎಂದು ಗಂಡ ಮಿಲಿಂದ ನಕ್ಕ.

ಗೌತಮಿಗೆ ಮೈಯೆಲ್ಲ ಉರಿಯಿತು. ಆದರೂ ಅಸಲಿಗೆ ಎದುರಾಡುವುದುಂಟೆ? ಸೋತು, ತನ್ನ ಲೆಕ್ಕವನ್ನೇ ತಿದ್ದಿ ದನಿ ಏರಿಸಿದಳು. ದನಿ ಕೂಡಿತು, ಮನಸ್ಸು ಕೂಡಲಿಲ್ಲ.

ಶುಕ್ರವಾರ ಡಬ್ಬಿ ಮರಳಿಸಲು ಹುನಗುಂದದ ಮೇಲಿಂದ ಇಳಕಲ್ಲಿಗೆ ಹೋದಳು. ಮಹಾಂತೇಶ ಡಬ್ಬಿ ಹಚ್ಚಿ ನುಡಿಸಿದ. ಪಕ್ಕದಲ್ಲಿ ಅವನ ತಾಯಿ ತಾಯವ್ವ ಹಾರ್ಮೋನಿಯಂ ಪೇಟಿ ಒತ್ತಿದಳು. ಎರಡೂ ಒಂದೇ ದನಿ!

ಗೌತಮಿಯ ಕಿವಿ ನಿಮಿರಿತು. “ಜಪಾನಿನ ಡಬ್ಬಿ ಪೇಟಿಗೆ ಇಷ್ಟು ಚಂದ ಹೆಂಗ ಕೂಡ್ತದ್ರಿ?”

“ನಾನ ಕೂಡ್ಸೀನ್ರಿ ಅಕ್ಕಾರ. ಅವ್ವನ ಪೇಟಿ ಅಜ್ಜನ ಕಾಲದ್ದು, ಒಂದೀಟ ಮ್ಯಾಲೈತಿ. ಅದೂ ಇಳ್ಯಾಂಗಿಲ್ಲ, ಅವ್ವನೂ ಇಳ್ಯಾಂಗಿಲ್ಲ. ಅದಕ್ಕ ಡಬ್ಬೀನ ಏರ್ಸೀನಿ. ಬಂದ್ ಮಾಡಿದ್ರೂ ನೆನಪಿಟ್ಟಿರ್ತೈತಿ.”

“ಅಯ್ಯ ದೇವರ! ಮೊದಲ ಹೇಳಬಾರದೇನ್ರಿ?”

“ನೀವ ಕೇಳಲಿಲ್ಲಲ್ರಿ.”

ನಾಳೆ ತಿದ್ದಿದ್ದನ್ನೇ ಕಳಿಸಿದ್ದರೆ ಹೆಸರೂ ಹೋಗುತ್ತಿತ್ತು, ಮಾನವೂ ಹೋಗುತ್ತಿತ್ತು. ಗೌತಮಿ ಅಲ್ಲೇ ಚಾಪೆಯ ಮೇಲೆ ಲ್ಯಾಪ್‌ಟಾಪ್ ತೆಗೆದು ತಿದ್ದುಪಡಿಯನ್ನೆಲ್ಲ ಅಳಿಸಿದಳು. ಮಹಾಂತೇಶ ಡಬ್ಬಿಯನ್ನು ಮೊದಲಿನ ಶ್ರುತಿಗೆ ಇಳಿಸಿದ. ಆಟದ ಹಾಡು ಎರಡರಲ್ಲೂ ಹರಿಯಿತು. ಯಾವುದು ಡಬ್ಬಿ, ಯಾವುದು ಲ್ಯಾಪ್‌ಟಾಪು, ಅವನಿಗೂ ತಿಳಿಯಲಿಲ್ಲ. ಖುಷಿಗೆ ಗೌತಮಿಯ ಕಣ್ಣುಗಳು ತುಂಬಿ ಬಂದವು. ಕೂಡಲೇ ಮಿಲಿಂದನಿಗೆ ಫೋನು: “ಕೇಳ್ರಿಲ್ಲೆ, ನೆಲಾನ ಡೊಂಕಿತ್ತು!”

ತಾಯವ್ವ ಮಾತ್ರ ಪೇಟಿ ಒತ್ತಿ ನೋಡಿ ಮುಖ ಗಂಟು ಹಾಕಿದಳು. “ಒಂದ ಸರಿ ಇತ್ತು, ಅದನೂ ಕೆಡಿಸಿದಿ ಯವ್ವಾ!”

ಗೌತಮಿ ನಗುತ್ತ ಡಬ್ಬಿಯನ್ನು ಮತ್ತೆ ಏರಿಸಿಕೊಟ್ಟಳು.

ಶನಿವಾರ ಪ್ರೋಗ್ರಾಮ್ ಹೋಯಿತು, ಸೋಮವಾರ ಉತ್ತರ ಬಂತು: ಒಪ್ಪಿದ್ದೇವೆ, ನಿಮ್ಮ ಹೆಸರು ಹಾಕುತ್ತೇವೆ. ಆದರೆ ಪ್ರೋಗ್ರಾಮಿನಲ್ಲಿ ಶ್ರುತಿ ಆರಿಸುವ ಪಟ್ಟಿಯಲ್ಲಿ ‘ಅಸಲಿ’ಯ ಕೆಳಗೆ ‘ತಾಯವ್ವ’ ಎಂದು ಒಂಚೂರು ಮೇಲಿನ ಇನ್ನೊಂದು ಶ್ರುತಿ ಸೇರಿಸಿದ್ದೀರಲ್ಲ, ಅದೇನು?

ಗೌತಮಿ ಬರೆದಳು: “ಇಳಕಲ್ಲಿನ ಪೇಟಿ. ಅದು ಇಳಿಯುವುದಿಲ್ಲ.”