ಜಲ್ಲಿಯ ಬದಲು ಸಾಸಿವೆ

ನಮ್ಮಕ್ಕನಿಗೆ ಮಣ್ಣು ಕಂಡರೆ ಆಗುವುದಿಲ್ಲ. ಹುಲ್ಲಿನ ಮೇಲೆ ಕೂರಬೇಕಾಗಿ ಬಂದರೆ ಮೊದಲು ಪೇಪರ್ ಹಾಸುತ್ತಾಳೆ, ಅದರ ಮೇಲೆ ಕರ್ಚೀಫು ಹಾಸುತ್ತಾಳೆ, ಇಷ್ಟೆಲ್ಲ ಮಾಡಿ ನಿಂತೇ ಇರುತ್ತಾಳೆ. ಇಂಥವಳು ಮಕ್ಕಳನ್ನು ಪ್ರಕೃತಿಗೆ ಹತ್ತಿರ ತರುವ ಶಾಲೆಯ ನಕ್ಷೆ ಬರೆಯಲು ಕೂತಾಗ ನನಗೆ ನಗು ತಡೆಯಲಾಗಲಿಲ್ಲ. ನಗುವ ಹಾಗೂ ಇರಲಿಲ್ಲ.

ಅಕ್ಕ ಆರ್ಕಿಟೆಕ್ಟ್. ಅವಳು ಬರೆದ ಕಟ್ಟಡಗಳಿಗೆ ರಟ್ಟಿನಲ್ಲಿ ಪುಟ್ಟ ಮಾದರಿ ಮಾಡಿಕೊಡುವುದು ನನ್ನ ಕೆಲಸ. ದರ್ಜಿಯ ಅಂಗಡಿಯ ಮೇಲಿನ ಎರಡು ಕೋಣೆಯೇ ನಮ್ಮ ಆಫೀಸು. ಕೆಲಸವಿಲ್ಲದೆ ನೊಣ ಹೊಡೆಯುತ್ತ ಕೂತು ತಿಂಗಳುಗಳಾಗಿದ್ದವು. ಈ ಶಾಲೆಯೂ ಕೈತಪ್ಪಿದರೆ ಅಕ್ಕ ಬಾಗಿಲು ಹಾಕಿ, ದೊಡ್ಡ ಕಂಪನಿಯೊಂದರಲ್ಲಿ ಕಾರು ನಿಲ್ಲಿಸುವ ಕಟ್ಟಡಗಳ ನಕ್ಷೆ ಬರೆಯಲು ಸೇರಬೇಕಿತ್ತು. ಹಾಗಾದರೆ ಬರುತ್ತೇನೆಂದು ಅಲ್ಲಿಗೆ ಒಪ್ಪಿಗೆಯನ್ನೂ ಕೊಟ್ಟಾಗಿತ್ತು. ಆ ವಿಷಯ ಹೇಳುವಾಗ ಅವಳ ದನಿ ಸಣ್ಣಗಾಗಿತ್ತು.

ನಕ್ಷೆ ಮಾತ್ರ ಅವಳ ಸ್ವಭಾವದಂತೆಯೇ ಇತ್ತು. ಗಾಜಿನ ಗೋಡೆ, ಒಳಗೆ ಕಾಡಿನ ದೊಡ್ಡ ಫೋಟೋ, ಹಕ್ಕಿಗಳ ದನಿ ಕೇಳಿಸುವ ಸ್ಪೀಕರು. ಅಂಗಳದ ತುಂಬ ಜಲ್ಲಿಕಲ್ಲು. ಜಲ್ಲಿಯ ಕೆಳಗೆ ಕಳೆ ಏಳದಂತೆ ಕಾಂಕ್ರೀಟು. ಇದರಲ್ಲಿ ಪ್ರಕೃತಿ ಎಲ್ಲಿದೆ ಎಂದು ಕೇಳಿದ್ದಕ್ಕೆ, ಕಿಟಕಿಯ ಆಚೆ ಇದೆ, ನೋಡಿದರೆ ಸಾಲದೇ ಎಂದಳು. ನಾನು ಬಾಯಿಗೆ ಬೀಗ ಹಾಕಿಕೊಂಡು ಮಾದರಿ ಮಾಡಲು ಕೂತೆ.

ನೆಲಕ್ಕೆ ಮರದ ಪುಡಿಯನ್ನು ನೆನೆಸಿ ದಪ್ಪಗೆ ಹಾಸಿದೆ. ಜಲ್ಲಿಗೆಂದು ಇಟ್ಟಿದ್ದ ಮರಳು ಮುಗಿದುಹೋಗಿತ್ತು. ಅಂಗಡಿಗೆ ಓಡಲು ಸೋಮಾರಿತನ. ಮಧ್ಯಾಹ್ನದ ಅಡುಗೆಗೆಂದು ಆಫೀಸಿನ ಮೂಲೆಯಲ್ಲಿಟ್ಟಿದ್ದ ಡಬ್ಬಿಯಿಂದ ಸಾಸಿವೆ ತಂದು ಎರಚಿ, ಅಂಗೈಯಲ್ಲಿ ಒತ್ತಿದೆ. ಜಲ್ಲಿಗೂ ಇದಕ್ಕೂ ವ್ಯತ್ಯಾಸ ಹೇಳುವವರು ಹುಟ್ಟಿಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಧೂಳು ಕೂರಬಾರದೆಂದು ಅಕ್ಕ ಮಾದರಿಯ ಮೇಲೆ ಮಬ್ಬು ಬಿಳಿ ಪ್ಲಾಸ್ಟಿಕ್ ಹೊದಿಸಿ, ತೋರಿಸುವ ದಿನದವರೆಗೂ ಯಾರೂ ತೆಗೆಯಕೂಡದೆಂದು ಕಟ್ಟಪ್ಪಣೆ ಮಾಡಿದಳು.

ಆ ದಿನ ಬಂತು. ಅಕ್ಕನ ಮಗಳನ್ನು ನೋಡಿಕೊಳ್ಳಲು ಯಾರೂ ಸಿಗದೆ ಅವಳನ್ನೂ ಕರೆದುಕೊಂಡು ಹೋದೆವು. ಒಂದನೇ ಕ್ಲಾಸಿನ ಹುಡುಗಿ; ಬಾಯಿ ಮುಚ್ಚುವುದೇ ಇಲ್ಲವಾದ್ದರಿಂದ ಮನೆಯಲ್ಲಿ ಎಲ್ಲರಿಗೂ ಚಿನಕುರಳಿ. ಇವತ್ತು ತುಟಿಪಿಟಿಕ್ ಅನ್ನಬಾರದೆಂದು ಅಕ್ಕ ದಾರಿಯುದ್ದಕ್ಕೂ ಹೇಳಿದಳು.

ಉದ್ದನೆಯ ಮೇಜಿನ ಆಚೆ ಶಾಲಾ ಸಮಿತಿಯವರು ಕೂತಿದ್ದರು. ನಡುವೆ ಅಧ್ಯಕ್ಷೆ, ನಿವೃತ್ತ ಹೆಡ್‌ಮಿಸ್. ಕನ್ನಡಕದ ಮೇಲಿಂದ ಒಮ್ಮೆ ನೋಡಿದರೆ ಸಾಕು, ಹೋಮ್‌ವರ್ಕ್ ಮಾಡಿಲ್ಲವೆಂಬ ಭಯ ನನ್ನಂಥವಳಿಗೂ ಹುಟ್ಟುತ್ತಿತ್ತು. ಅಕ್ಕ ಗಂಟಲು ಸರಿಮಾಡಿಕೊಂಡು, ನಮ್ಮ ಮಾದರಿಯಲ್ಲಿ ಏನಿದೆಯೋ ಅದನ್ನೇ ನಾವು ಕಟ್ಟಿಕೊಡುವುದು ಎಂದು ಹೇಳಿ ಪ್ಲಾಸ್ಟಿಕ್ ಎತ್ತಿದಳು.

ಅಂಗಳವೇ ಇರಲಿಲ್ಲ. ಗೇಟಿನಿಂದ ಹಿಂದಿನ ಕಾಂಪೌಂಡಿನವರೆಗೆ ಒತ್ತೊತ್ತಾಗಿ ಹಸಿರು ಮೊಳಕೆ ಎದ್ದು ನಿಂತಿತ್ತು. ಪ್ರತಿ ಕಡ್ಡಿಯ ತುದಿಯಲ್ಲೂ ಎರಡೆರಡು ಪುಟ್ಟ ಎಲೆ. ಕಟ್ಟಡದ ಲೆಕ್ಕಕ್ಕೆ ಒಂದೊಂದೂ ಹೆಮ್ಮರ. ಒಂದು ಮೊಳಕೆಯಂತೂ ಹೆಡ್‌ಮಾಸ್ಟರ ಕೋಣೆಯ ಸೂರನ್ನೇ ಎತ್ತಿ ಪಕ್ಕಕ್ಕಿಟ್ಟಿತ್ತು. ಅಕ್ಕ ನನ್ನತ್ತ ತಿರುಗಿ ಕಣ್ಣಲ್ಲೇ ಸುಟ್ಟಳು. ಹತ್ತು ವರ್ಷದ ನಂತರ ಶಾಲೆ ಹೀಗಿರುತ್ತದೆ ಎಂದು ಬುರುಡೆ ಬಿಡಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅಕ್ಕನೇ ಮಾತಾಡಿದಳು. ಸುಳ್ಳು ಅವಳಿಗೆ ಹುಟ್ಟಿನಿಂದಲೂ ಬರದು.

"ಕ್ಷಮಿಸಿ, ಇದು ನಾವು ಮಾಡಿದ್ದಲ್ಲ. ತಾನಾಗೇ ಬಂದುಬಿಟ್ಟಿದೆ."

ಅಧ್ಯಕ್ಷೆ ಎದ್ದು ಬಂದು ಮಾದರಿಯ ಮೇಲೆ ಬಾಗಿದರು. ನೀರಿಲ್ಲದೆ ಇಷ್ಟು ಚೆನ್ನಾಗಿ ಏಳುವುದಿಲ್ಲವಲ್ಲ, ಯಾರು ಹಾಕಿದ್ದು ಎಂದು ಕೇಳಿದರು. ನಾನು ಅಕ್ಕನನ್ನು ನೋಡಿದೆ, ಅಕ್ಕ ನನ್ನನ್ನು. ಮೇಜಿನ ಅಂಚಿನಲ್ಲಿ ಒಂದು ಕೈ ಮೇಲೆದ್ದಿತು.

"ನಾನು," ಎಂದಳು ಚಿನಕುರಳಿ. "ಗಿಡಕ್ಕೆ ದಿನಾ ನೀರು ಹೊಡೀಬೇಕು ಅಂತ ಅಮ್ಮನೇ ಹೇಳ್ಕೊಟ್ಟಿದ್ದು. ಆಫೀಸಲ್ಲಿರೋ ಗಿಡಗಳಿಗೆ ಹೊಡೆದಾದ್ಮೇಲೆ ಪ್ಲಾಸ್ಟಿಕ್ ಎತ್ತಿ ಇದಕ್ಕೂ ಹೊಡೀತಿದ್ದೆ. ಇದು ಬೆಳೀತು. ಆಫೀಸಿಂದು ಮಾತ್ರ ಎಷ್ಟು ಹೊಡೆದ್ರೂ ಬೆಳೀತಾನೇ ಇಲ್ಲ. ಅದಕ್ಕೆ ಹುಷಾರಿಲ್ಲ ಅನ್ಸುತ್ತೆ."

ಆಫೀಸಿನ ಕುಂಡಗಳಲ್ಲಿ ಇದ್ದದ್ದು ಪ್ಲಾಸ್ಟಿಕ್ ಗಿಡಗಳು. ಎಲೆ ಹೊಳೆಯಲೆಂದು ದಿನವೂ ನೀರು ಚಿಮುಕಿಸಿ ಒರೆಸುವ ಕೆಲಸವನ್ನು ಅಕ್ಕ ಮಗಳಿಗೆ ವಹಿಸಿದ್ದಳು. ಅವು ನಿಜವಾದ ಗಿಡಗಳಲ್ಲ ಎಂದು ಆ ಮಗುವಿಗೆ ಹೇಳಬೇಕೆಂದು ನಮ್ಮಿಬ್ಬರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಕ್ಕನ ಮುಖ ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು.

ಚಿನಕುರಳಿಗೆ ಇದಾವುದೂ ಗೊತ್ತಾಗಲಿಲ್ಲ. ತಾನೇ ಬೆಳೆಸಿದ್ದೆಂಬ ಜಂಬದಿಂದ ಗೇಟಿನ ಪಕ್ಕದ ಒಂದು ಮರ ಕಿತ್ತು ಬಾಯಿಗೆ ಹಾಕಿಕೊಂಡು, ಖಾರ ಹತ್ತಿ ಮೂಗು ಸುರಿಸಿದಳು. ಮನೆಯಲ್ಲಿ ಸೊಪ್ಪು ಕಂಡರೆ ಮೇಜಿನ ಕೆಳಗೆ ಅಡಗುವವಳು ಅಧ್ಯಕ್ಷೆಗೂ ಒಂದು ಕಿತ್ತು ಕೊಟ್ಟಳು. ಅವರು ಅದನ್ನು ಜಗಿಯುತ್ತಲೇ ನಕ್ಷೆಯನ್ನು ಅಕ್ಕನ ಮುಂದೆ ಬಿಚ್ಚಿ ಹರಡಿದರು.

"ತಾನಾಗೇ ಬಂತು ಅಂದ್ರಲ್ಲ. ನೀವು ಕಟ್ಟೋ ಶಾಲೇಲಿ ಅದು ಎಲ್ಲಿಂದ ಬರುತ್ತೆ, ತೋರಿಸಿ ನೋಡೋಣ."

ಅಕ್ಕ ನಕ್ಷೆಯನ್ನು ನೋಡಿದಳು. ಮಗಳನ್ನು ನೋಡಿದಳು. ಕೊನೆಗೆ ಚೀಲದಿಂದ ಕೆಂಪು ಪೆನ್ಸಿಲ್ ತೆಗೆದು, ಅಂಗಳದಲ್ಲಿದ್ದ ಕಾಂಕ್ರೀಟನ್ನು ಗೇಟಿನಿಂದ ಕಾಂಪೌಂಡಿನವರೆಗೆ ಅಡ್ಡಗೆರೆ ಎಳೆದು ಹೊಡೆದುಹಾಕಿದಳು. ಸ್ಪೀಕರು ಹೋಯಿತು, ಕಾಡಿನ ಫೋಟೋ ಹೋಯಿತು. ಕೆಲಸ ಕೈತಪ್ಪಿತೆಂದೇ ತಿಳಿದಿದ್ದಳು, ಆದರೂ ಗೀಚುವುದನ್ನು ನಿಲ್ಲಿಸಲಿಲ್ಲ. ಅವತ್ತಿನಷ್ಟು ನನ್ನ ಅಕ್ಕನ ಮೇಲೆ ನನಗೆ ಎಂದೂ ಹೆಮ್ಮೆಯಾಗಿಲ್ಲ.

ಕೆಲಸ ನಮಗೇ ಸಿಕ್ಕಿತು. ಆದರೆ ಸಮಿತಿ ಅಕ್ಕನ ಮಾತನ್ನೇ ಹಿಡಿದು ಶರತ್ತು ಹಾಕಿತು: ಮಾದರಿಯಲ್ಲಿ ಏನಿದೆಯೋ ಅದನ್ನೇ ಕಟ್ಟಿಕೊಡಬೇಕು. ಹಾಗಾಗಿ ಅಕ್ಕ ಈಗ ಹೆಡ್‌ಮಾಸ್ಟರ ಕೋಣೆಯ ಸೂರಿನಲ್ಲಿ ಮರ ಹೋಗುವಷ್ಟು ತೂತು ಬಿಟ್ಟು ಹೊಸ ನಕ್ಷೆ ಬರೆಯುತ್ತಿದ್ದಾಳೆ, ನನ್ನನ್ನು ಬೈಯುತ್ತ. ಪಕ್ಕದಲ್ಲಿ ಚಿನಕುರಳಿ ಬಾಟಲಿ ಹಿಡಿದು ಪ್ಲಾಸ್ಟಿಕ್ ಗಿಡಗಳಿಗೆ ಇನ್ನೂ ನೀರು ಹೊಡೆಯುತ್ತಾಳೆ. ಅವು ಸುಳ್ಳು ಗಿಡಗಳೆಂದು ಅಕ್ಕ ಬಾಯಿಬಿಟ್ಟು ಹೇಳಿಯಾಯಿತು.

"ಇರ್ಲಿ ಬಿಡಮ್ಮ," ಎಂದಳಂತೆ ಮಗಳು. "ನೀನೇ ಸರಿಹೋದೆ, ಇವು ಸರಿಹೋಗಲ್ವಾ?"