ಓದು ಬಲ್ಲ ದೆವ್ವ

"ಬುದ್ಧಿ ಬೇಕು ಅಂತ ತನ್ನ ಒಂದು ಕಣ್ಣನ್ನೇ ಕಿತ್ತುಕೊಟ್ಟ ದೇವರು ಯಾರು?" ಎಂದು ಗೋದಮ್ಮ ಕೇಳುವ ಹೊತ್ತಿಗೆ ನರ್ಸ್ ದಿವ್ಯಾ ಪುಟ್ಟರಾಜುವಿನ ತೋಳಿಗೆ ಎರಡನೆಯ ಸೂಜಿ ಚುಚ್ಚುತ್ತಿದ್ದಳು. ಅವನು ಸೂಜಿಯನ್ನು ಮರೆತು ಪಕ್ಕದ ಮಂಚದ ಕಡೆ ತಿರುಗಿದ.

"ನಮ್ ಬ್ಯಾಡರ ಕಣ್ಣಪ್ಪ ಅಲ್ವರಾ ಅಮ್ಮಾವ್ರೆ?"

"ಕಣ್ಣಪ್ಪ ಕೊಟ್ಟಿದ್ದು ಭಕ್ತಿಗೆ. ಇವನು ಬುದ್ಧಿಯ ಬಾವಿಯಿಂದ ಒಂದು ಗುಟುಕು ನೀರಿಗೋಸ್ಕರ ಕೊಟ್ಟ. ಹಿಮದ ದೇಶದವನು, ಓಡಿನ್ ಅಂತ."

"ದೇವ್ರಿಗೂ ಬುದ್ಧಿ ಕಮ್ಮಿ ಇರ್ತದಾ?"

"ಕಮ್ಮಿ ಇದೆ ಅಂತ ಅವನಿಗೇ ಗೊತ್ತಾಯ್ತಲ್ಲ, ಅದಕ್ಕೇ ದೇವರು," ಎಂದರು ಗೋದಮ್ಮ.

ಹಾಸನದ ಆಸ್ಪತ್ರೆಯೊಂದರ ಡಯಾಲಿಸಿಸ್ ವಾರ್ಡಿನಲ್ಲಿ ಮಂಗಳವಾರ, ಶುಕ್ರವಾರಗಳ ನಾಲ್ಕು ನಾಲ್ಕು ಗಂಟೆ ಹೀಗೆ ಕಳೆಯುತ್ತಿತ್ತು. ಗೋದಮ್ಮ ಹೊಳೆನರಸೀಪುರದವರು, ಮೂವತ್ತು ವರ್ಷ ಗ್ರಂಥಾಲಯ ನೋಡಿಕೊಂಡು ನಿವೃತ್ತರಾದವರು. ಏಳು ವರ್ಷದಿಂದ ಕಿಟಕಿ ಪಕ್ಕದ ಅದೇ ಮಂಚ. ಬಾಗೂರಿನ ಆಟೋ ಡ್ರೈವರ್ ಪುಟ್ಟರಾಜು ಇಲ್ಲಿಗೆ ಬಂದು ಇನ್ನೂ ಎಂಟು ತಿಂಗಳು. ಮೊದಮೊದಲು ಅವನು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಒಂದು ದಿನ ಗೋದಮ್ಮ ಜಪಾನಿನ ಹೊಳೆಗಳಲ್ಲಿರುವ ಕಪ್ಪ ಎಂಬ ಭೂತದ ವಿಷಯ ತೆಗೆದರು. ಅದರ ನೆತ್ತಿಯ ಗುಳಿಯಲ್ಲಿ ನೀರಿರುತ್ತದೆ, ಶಕ್ತಿಯೆಲ್ಲ ಆ ನೀರಿನಲ್ಲೇ. ಗೆಲ್ಲುವುದು ಹೇಗೆ? ಬಗ್ಗಿ ನಮಸ್ಕಾರ ಮಾಡಿದರಾಯಿತು. ಮರ್ಯಾದಸ್ಥ ಭೂತ, ತಾನೂ ಬಗ್ಗುತ್ತದೆ, ನೀರು ಚೆಲ್ಲಿಹೋಗುತ್ತದೆ. ಗೋಡೆ ಕಡೆಯಿಂದ ನಗು ಕೇಳಿತು. ಆ ವಾರವೆಲ್ಲ ಅವನು ಬಾಗೂರಿನ ಆಟೋ ಸ್ಟ್ಯಾಂಡಿನಲ್ಲಿ ಇದನ್ನೇ ಹೇಳಿಕೊಂಡು ಓಡಾಡಿದ. ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದಲ್ಲೇ ಈ ಹೆಂಗಸು ಅಷ್ಟು ದೇಶ ಹೇಗೆ ಸುತ್ತುತ್ತಾರೆ ಎಂಬುದೇ ಅವನಿಗೆ ಸೋಜಿಗ.

ಆದರೂ ಮೈ ಸೋತಿತ್ತು. ಆಷಾಢದ ಒಂದು ಮಂಗಳವಾರ ಬೆಳಿಗ್ಗೆ ಅಕ್ಕ ಸಣ್ಣಕ್ಕ ಬುತ್ತಿ ಕಟ್ಟಿ ನಿಂತಿದ್ದರೆ ಅವನು ಎದ್ದೇಳಲಿಲ್ಲ.

"ಸಾಕು ಕಣಕ್ಕ. ಇವತ್ತು ರಕ್ತ ತೊಳುಸ್ಕೊಂಡು ಬಂದ್ರೆ ಮೂರು ದಿನ. ಆಮೇಲೆ ತಿರ್ಗಾ ಅದೇ. ಇನ್ನು ನಾನು ಓಗಕಿಲ್ಲ."

ಸಣ್ಣಕ್ಕ ಬೈದಳು, ಅತ್ತಳು, ಕೊನೆಗೆ ಬುತ್ತಿ ಬಿಚ್ಚಿ ತಾನೂ ಉಣ್ಣದೆ ಕೂತಳು. ಬುಧವಾರ ಅವನ ಕಾಲು ಊದಿತು. ಗುರುವಾರ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಅವತ್ತು ಮಧ್ಯಾಹ್ನ ಫೋನ್ ಬಂತು, ಗೋದಮ್ಮನದು. ಬುದ್ಧಿ ಹೇಳುತ್ತಾರೆಂದು ಅವನು ಮನಸ್ಸು ಗಟ್ಟಿ ಮಾಡಿಕೊಂಡ.

"ಪುಟ್ಟರಾಜು, ಏಳು ವರ್ಷದಿಂದ ನಾನೇ ಕೇಳ್ತಾ ಇದೀನಪ್ಪ. ಒಬ್ಬರೂ ನನ್ನನ್ನ ಒಂದು ಪ್ರಶ್ನೆ ಕೇಳಿಲ್ಲ. ನನ್ನನ್ನ ಸೋಲಿಸೋ ಅಂಥದ್ದು ಒಂದು ತಗೊಂಡು ಬಾ. ನಿಮ್ಮೂರಲ್ಲಿ ದೇವರು ದೆವ್ವಕ್ಕೇನು ಕಮ್ಮಿಯೇ?" ಅಷ್ಟೇ ಹೇಳಿ ಇಟ್ಟುಬಿಟ್ಟರು.

ಅವನು ಜಗಲಿಯ ಮೇಲೆ ಒರಗಿಕೊಂಡು ಯೋಚಿಸಿದ. ಅವರನ್ನು ಸೋಲಿಸುವುದುಂಟೇ? ಮಾರಮ್ಮ, ಮುನಿಯಪ್ಪ, ಕೊಳ್ಳಿದೆವ್ವ ಎಲ್ಲ ಅವರಿಗೆ ಗೊತ್ತಿರುವಂಥವೇ. ಸಂಜೆ ಅಕ್ಕ ಮನೆಯ ಹಳೇ ಬಾಗಿಲು ಎಳೆದುಕೊಳ್ಳುವಾಗ, ಅದರ ಮೇಲೆ ಮಾಸಿದ ಸುಣ್ಣದ ಅಕ್ಷರ ಕಂಡಿತು. ಚಿಕ್ಕವನಿದ್ದಾಗ ಬರೆದವನು ಅವನೇ. ಆಗ ಮನೆಯಲ್ಲಿ ಅಕ್ಷರ ಬರುತ್ತಿದ್ದುದು ಅವನೊಬ್ಬನಿಗೇ. ಅವ್ವ ಹಿಂದೆ ನಿಂತು ಬರೆಸಿದ್ದಳು.

"ಅಕ್ಕ," ಎಂದ, "ಬೆಳಿಗ್ಗೆ ಮೊದಲ್ನೇ ಬಸ್ಸಿಗೇ ಓಗಾನ."

ಶುಕ್ರವಾರ ದಿವ್ಯಾ ಮೈಗೆ ನೀರು ತುಂಬಿ ಏರಿದ್ದ ಅವನ ತೂಕ ನೋಡಿ ಗದರಿದಳು. ಅವನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಮೆಷಿನ್ ತಿರುಗತೊಡಗಿ ಉಸಿರು ಹದಕ್ಕೆ ಬಂದ ಮೇಲೆ ಕೇಳಿದ.

"ಓದಕ್ಕೆ ಬತ್ತದಲ್ಲ, ಆ ದೆವ್ವ ಯಾವ್ದು ಏಳಿ ಅಮ್ಮಾವ್ರೆ."

ಗೋದಮ್ಮ ಕಣ್ಣರಳಿಸಿದರು. "ಬ್ರಹ್ಮರಾಕ್ಷಸ."

"ಅದು ಓದೋದು ವೇದ. ಇದು ಕನ್ನಡ ಓದ್ತದೆ."

ವಾರ್ಡಿನಲ್ಲಿ ಒಬ್ಬೊಬ್ಬರೂ ಒಂದೊಂದು ಹೇಳಿದರು. ಗೋದಮ್ಮ ಕಣ್ಣು ಮುಚ್ಚಿ ಚೀನಾ, ಗ್ರೀಸು, ಈಜಿಪ್ಟು ಎಲ್ಲ ಸುತ್ತಿಬಂದರು. ಮೂರು ಗಂಟೆ ಕಳೆಯಿತು. "ಸೋತೆ ಕಣಯ್ಯಾ," ಎಂದರು. ಆ ಮುಖದಲ್ಲಿದ್ದ ಸಂತೋಷವನ್ನು ಅವನು ಯಾವ ಗೆದ್ದವರ ಮುಖದಲ್ಲೂ ಕಂಡಿರಲಿಲ್ಲ.

"ನಾವ್ ಚಿಕ್ಕೋರಿದ್ದಾಗ ಊರಿಗೆ ಒಂದು ದೆವ್ವ ಬತ್ತಿತ್ತಂತೆ. ಕದ ತಟ್ಟಿ ಎಸ್ರಿಡಿದು ಕರೀತಿತ್ತಂತೆ. ಓ ಅಂದೋರು ಉಳೀತಿರ್ನಿಲ್ಲ. ಅದ್ಕೇ ಕದದ ಮ್ಯಾಲೆ 'ನಾಳೆ ಬಾ' ಅಂತ ಬರೀತಿದ್ರು. ಅದು ಓದ್ಕಂಡು ವಾಪಸ್ ಓಯ್ತಿತ್ತು. ನಮ್ಮನೇಲಿ ಬರ್ದಿದ್ದು ನಾನೇ."

"ಅಯ್ಯೋ, ನಾಳೆ ಬಾ!" ಗೋದಮ್ಮ ಹಣೆ ಚಚ್ಚಿಕೊಂಡರು. "ಗೊತ್ತಿತ್ತಲ್ಲೋ ನಂಗೆ. ಓದೋ ದೆವ್ವ ಅಂತ ಒಂದು ದಿನವೂ ಹೊಳೀಲಿಲ್ಲ ನೋಡು." ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು ಬಂತು. ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದರು: "ಮಾರನೇ ದಿನ?"

"ಮಾರ್ನೇ ದಿನಾನೂ ಅದೇ ಓದ್ತಿತ್ತು, ವಾಪಸ್ ಓಯ್ತಿತ್ತು."

ಗೋದಮ್ಮ ದಿವ್ಯಾಳಿಂದ ತಮ್ಮ ಚೀಲ ತೆಗೆಸಿ, ಪ್ರಶ್ನೆಗಳನ್ನು ಬರೆದಿಡುವ ಪುಸ್ತಕವನ್ನು ಹಾಸಿಗೆಯ ಅಂಚಿನಲ್ಲಿ ಬಿಡಿಸಿ ಇಟ್ಟುಕೊಂಡು ದೊಡ್ಡದಾಗಿ 'ನಾಳೆ ಬಾ' ಎಂದು ಬರೆಯತೊಡಗಿದರು. ಒಂದು ಕೈ ಅಲ್ಲಾಡಿಸುವಂತಿಲ್ಲವಾದ್ದರಿಂದ ಪುಸ್ತಕ ಜಾರುತ್ತಿತ್ತು. ಪುಟ್ಟರಾಜು ಸೂಜಿಯಿಲ್ಲದ ಕೈಯನ್ನು ಎರಡು ಮಂಚದ ನಡುವೆ ಚಾಚಿ, ಅವರು ಕೊನೆಯ ಅಕ್ಷರ ಬರೆದು ಮುಗಿಸುವವರೆಗೂ ಹಾಳೆಯ ತುದಿಯನ್ನು ಒತ್ತಿ ಹಿಡಿದುಕೊಂಡಿದ್ದ.