ಎಡಗನ್ನಡಿಯ ದೀಪ

ನಮ್ಮಣ್ಣ ಓರೆಸ್ಟ್ ಐವತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದಾನೆ. ಅವನು ತಿರುವಿನಲ್ಲಿ ಒಮ್ಮೆಯಾದರೂ ಇಂಡಿಕೇಟರ್ ಹಾಕಿದ್ದನ್ನು ನಾನು ಕಂಡಿಲ್ಲ. ಅವನೊಬ್ಬನೇ ಅಲ್ಲ, ನಮ್ಮೂರಲ್ಲಿ ಯಾರೂ ಹಾಕುವುದಿಲ್ಲ. ಸಸ್ಕಾಚೆವಾನ್‌ನ ಈ ಬಯಲಿನಲ್ಲಿ ಇರುವುದೇ ನಲವತ್ತು ಮನೆ. ಯಾರ ಗಾಡಿ ಯಾವ ಗೇಟಿಗೆ ತಿರುಗುತ್ತದೆಂದು ಹಿಂದೆ ಬರುವವನಿಗೆ ಮೊದಲೇ ಗೊತ್ತಿರುತ್ತದೆ. ಅಂಥವನು ಅಕ್ಟೋಬರಿನ ಒಂದು ಬೆಳಿಗ್ಗೆ ತನ್ನ ಹಳೇ ಪಿಕಪ್ ಟ್ರಕ್ಕನ್ನು ನನ್ನ ಶೆಡ್ಡಿನ ಮುಂದೆ ನಿಲ್ಲಿಸಿ, ಅಂಚೆಯಲ್ಲಿ ಬಂದ ಪೊಟ್ಟಣವೊಂದನ್ನು ನನ್ನ ಕೈಗಿಟ್ಟ. ಒಳಗೆ ಎರಡು ಎಲ್‌ಇಡಿ ದೀಪದ ಪಟ್ಟಿಗಳಿದ್ದವು.

"ಕನ್ನಡಿಗೆ ಹಾಕ್ಬೇಕು ನೆಟ್ಟಿ, ಎರಡೂ ಕಡೆ. ನಾನೇ ಹಾಕ್ತೀನಿ, ನೀನು ಹೇಳ್ಕೊಟ್ರೆ ಸಾಕು."

"ನೀನು? ಇಂಡಿಕೇಟರ್ರು? ಮೈಗೆ ಹುಷಾರಾಗಿದೆ ತಾನೆ ಅಣ್ಣ?"

"ಮುಂದಿನ ದೀಪಕ್ಕೆ ಕೆಸರು ಮೆತ್ಕೊಂಡು ಏನೂ ಕಾಣ್ಸಲ್ಲ ಕಣೇ. ಕನ್ನಡಿ ಎತ್ತರದಲ್ಲಿರುತ್ತೆ."

ಕೆಸರಿನ ಮಾತು ನಿಜವೇ. ಆದರೆ ಕೆಸರೇನು ನಮ್ಮೂರಿಗೆ ಈ ವರ್ಷ ಹೊಸದಾಗಿ ಬಂದದ್ದಲ್ಲ. ನಾನು ಟ್ರ್ಯಾಕ್ಟರ್ ಅಂಗಡಿಯ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ವೈರಿಂಗ್ ಕೆಲಸ ಮಾಡಿದವಳು. ಎಲ್ಲಿ ವೈರು ಸುಡುತ್ತಿದೆ ಎಂದು ವಾಸನೆಯಲ್ಲೇ ಹೇಳಬಲ್ಲೆ. ಅಣ್ಣನ ಮಾತಿನಲ್ಲೂ ಅಂಥದೇ ವಾಸನೆ ಬಂತು. ಆದರೂ ಹತಾರದ ಪೆಟ್ಟಿಗೆ ತಂದಿಟ್ಟೆ.

ಬಾಗಿಲಿನ ಒಳಹೊದಿಕೆ ಬಿಚ್ಚುವಾಗಲೇ ಅವನು ಎರಡು ಕ್ಲಿಪ್ ಮುರಿದ. ಬಾಗಿಲಿಗೂ ಗಾಡಿಯ ಮೈಗೂ ನಡುವೆ ಇರುವ ರಬ್ಬರ್ ಕೊಳವೆಯೊಳಗಿಂದ ವೈರು ದಾಟಿಸಬೇಕು. ಅದಕ್ಕೆ ಕೋಟು ನೇತುಹಾಕುವ ತಂತಿಯನ್ನು ನೆಟ್ಟಗೆ ಮಾಡಿ ಕೊಟ್ಟೆ. ಮುಕ್ಕಾಲು ಗಂಟೆ ತಿವಿದ. ಪಕ್ಕದಲ್ಲಿ ನಿಂತು ಕಾಫಿ ಕುಡಿಯುತ್ತ ಅವನನ್ನು ಬೈಯುವುದು ನನಗೂ ಖುಷಿಯ ಕೆಲಸವೇ.

"ನಿಜ ಹೇಳು. ಯಾರಿಗೆ ಕಾಣ್ಬೇಕು ಈ ದೀಪ?"

ಬಾಗಿಲಿನೊಳಗೆ ತಲೆ ಇಟ್ಟಿದ್ದವನು ಅಲ್ಲಿಂದಲೇ ಅಂದ, "ಅರ್ಡಿಸ್‌ಗೆ."

ಅರ್ಡಿಸ್ ಲಿಂಡ್‌ಗ್ರೆನ್ ಇರುವುದು ಹೆದ್ದಾರಿಯ ಪಕ್ಕ, ಊರಿನ ಹಾಲ್‌ಗೆ ಎದುರಿಗೆ. ಅವಳ ಗಂಡ ತೀರಿಕೊಂಡು ಆರು ವರ್ಷವಾಯಿತು, ನಮ್ಮತ್ತಿಗೆ ಹೋಗಿ ನಾಲ್ಕು. ಒಂದೂವರೆ ವರ್ಷದಿಂದ ಪ್ರತಿ ಬುಧವಾರ ಅಣ್ಣ ಅವಳ ಮನೆಗೆ ಹೋಗುತ್ತಿದ್ದನಂತೆ. ಹೊಲದ ಹಿಂದಿನ ದಾರಿಯಲ್ಲಿ ಹೋಗಿ, ಗೋಧಿಯ ಕಣಜದ ಮರೆಗೆ ಟ್ರಕ್ ನಿಲ್ಲಿಸಿ, ಹಿತ್ತಿಲ ಬಾಗಿಲು ತಟ್ಟುತ್ತಿದ್ದನಂತೆ! ಯಾಕೆಂದರೆ ಅವಳ ಗಂಡ ಇವನ ಗೆಳೆಯ. ಊರವರು ಏನಂದಾರು ಎಂಬ ಅಳುಕು.

"ಎಪ್ಪತ್ತೊಂದು ವಯಸ್ಸಾಯ್ತಲ್ಲೋ! ಹಿತ್ತಿಲ ಬಾಗಿಲಾ?"

"ಅವಳೂ ಅದನ್ನೇ ಅಂದ್ಳು. 'ಕಣಜದ ಹಿಂದೆ ಬಚ್ಚಿಡೋಕೆ ನಾನೇನು ಕಳ್ಳಮಾಲಾ? ಭಾನುವಾರ ಹಾಲ್‌ನಲ್ಲಿ ಊರೂಟ ಇದೆ. ಐದು ಗಂಟೆಗೆ ಹೆದ್ದಾರಿಯಿಂದ, ದೀಪ ಹಾಕ್ಕೊಂಡು, ನನ್ನ ಗೇಟಿಗೆ ತಿರುಗು. ನಾನು ಅಡುಗೆಮನೆ ಕಿಟಕೀಲಿ ನೋಡ್ತಿರ್ತೀನಿ. ತಿರುಗ್ಲಿಲ್ಲ ಅಂದ್ರೆ ಇನ್ನು ಬುಧವಾರಾನೂ ಬೇಡ' ಅಂದ್ಳು."

ಹೇಳಿ ತಲೆ ಹೊರಗೆ ತೆಗೆದ. ಕಿವಿಯವರೆಗೂ ಕೆಂಪಾಗಿದ್ದ. ನನಗೆ ನಗು ಬರಬೇಕಿತ್ತು. ಬರಲಿಲ್ಲ. ಅತ್ತಿಗೆ ಹೋದ ಮೇಲೆ ಅವನು ಯಾವುದನ್ನೂ ಇಷ್ಟು ಬೇಕು ಅಂತ ಬಯಸಿದ್ದು ನಾನು ನೋಡಿರಲಿಲ್ಲ.

ಸ್ಟಿಯರಿಂಗಿನ ಕೆಳಗಿನ ಇಂಡಿಕೇಟರ್ ವೈರುಗಳಿಗೆ ಹೊಸ ವೈರು ಸೇರಿಸಿದ್ದಾಯಿತು. ಸ್ವಿಚ್ ಹಾಕಿದರೆ ಕನ್ನಡಿಯಲ್ಲಿ ಕತ್ತಲೆ. ನೋಡಿದರೆ ಮಹಾರಾಯ ಅರ್ತಿಂಗ್ ವೈರನ್ನು ಬಣ್ಣದ ಮೇಲೇ ಬಿಗಿದಿದ್ದ. ಬಣ್ಣ ಕೆರೆದು ಬರಿಯ ಕಬ್ಬಿಣಕ್ಕೆ ಬಿಗಿಸಿದೆ. ಫಳ್ ಅಂತ ದೀಪ ಹತ್ತಿತು.

"ಎಡಕ್ಕೆ ಹಾಕೋಕೆ ಸ್ಟಿಯರಿಂಗ್ ಪಕ್ಕದ ಈ ಕಡ್ಡಿ ಮೇಲೆ ಮಾಡ್ಬೇಕಾ, ಕೆಳಗಾ?" ಅಂತ ಕೇಳಿದ.

"ಕೆಳಗೆ! ಐವತ್ತು ವರ್ಷ ಆ ಕಡ್ಡೀನ ಏನಂದ್ಕೊಂಡಿದ್ದೆ?"

"ಟೋಪಿ ನೇತುಹಾಕ್ತಿದ್ದೆ."

ಭಾನುವಾರ ಐದಕ್ಕೆ ಹಾಲ್‌ನ ಹೊರಗೆ ಊಟದ ಸಾಲು ರಸ್ತೆಯವರೆಗೂ ಬಂದಿತ್ತು. ಟರ್ಕಿ ಕೋಳಿಯ ಪರಿಮಳ, ಎಲೆಕೋಸಿನ ಸುರುಳಿಗಳ ಹಬೆ ಹೊರಗೆಲ್ಲ ಹರಡಿತ್ತು. ನನಗೆ ಹಸಿವೇ ಇರಲಿಲ್ಲ. ಎದುರುಮನೆಯ ಕಿಟಕಿಯಲ್ಲಿ ಅರ್ಡಿಸ್ ನಿಂತಿದ್ದಳು, ಆಗಲೇ ನೀಲಿ ಕೋಟು ಹಾಕಿಕೊಂಡು.

ದೂರದಲ್ಲಿ ಅಣ್ಣನ ಟ್ರಕ್ ಕಂಡಿತು. ತೊಳೆದು ಮಿರಮಿರ ಮಿಂಚುತ್ತಿತ್ತು. ಹತ್ತಿರ ಬಂದಂತೆ ಕನ್ನಡಿಯಲ್ಲಿ ದೀಪ ಮಿನುಗತೊಡಗಿತು. ಬಲಗನ್ನಡಿಯಲ್ಲಿ! ಬಲಕ್ಕೆ ಇದ್ದದ್ದು ಹಾಲ್.

"ಓರೆಸ್ಟ್ ಊಟಕ್ಕೆ ಬರ್ತಿದಾನಂತೆ, ಡಂಗುರ ಹೊಡೀತಿದಾನೆ ನೋಡ್ರೋ!" ಎಂದು ನನ್ನ ಹಿಂದೆ ನಿಂತಿದ್ದ ಕ್ಲಾರೆನ್ಸ್ ಕೂಗಿದ. ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು.

ನಾನು ಕಿಟಕಿಯತ್ತ ನೋಡಿದೆ. ಅರ್ಡಿಸ್ ಕೋಟಿನ ಗುಂಡಿ ಬಿಚ್ಚುತ್ತ ಒಳಗೆ ಸರಿದುಹೋದಳು. ನನಗೆ ಮೈಯೆಲ್ಲ ಉರಿದುಹೋಯಿತು. ರಸ್ತೆಯ ಅಂಚಿಗೆ ಓಡಿ, "ಕೆಳಗೆ! ಕೆಳಗೆ ಮಾಡೋ ದಡ್ಡ!" ಎಂದು ಎರಡೂ ಕೈ ಬೀಸಿದೆ. ನಮ್ಮ ಕಡೆಯ ಎಲ್ಲ ಗಂಡಸರಂತೆ ಅವನು ಸ್ಟಿಯರಿಂಗಿನಿಂದ ಒಂದು ಬೆರಳೆತ್ತಿ ನನಗೆ ನಮಸ್ಕಾರ ಹೇಳಿದ. ಮುಖದಲ್ಲಿ ನಗು ಬೇರೆ.

ಆಮೇಲೆ ಅವನು ಆ ಕಿಟಕಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಕನ್ನಡಿ ನೋಡಿದ. ನಗು ಮಾಯವಾಯಿತು.

ಟ್ರಕ್ ರಸ್ತೆಯ ನಡುವೆಯೇ ನಿಂತಿತು. ಬಲಗಡೆಯ ದೀಪ ಆರಿ, ಎಡಗನ್ನಡಿಯ ದೀಪ ಹತ್ತಿತು. ನಮ್ಮಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ, ಎಡಕ್ಕೆ ತಿರುಗುವವನು ಎದುರಿನ ಗಾಡಿಗಳಿಗೆ ಕಾಯಬೇಕು. ಎದುರಿನಿಂದ ಒಂದು ಗಾಡಿಯೂ ಬರುತ್ತಿರಲಿಲ್ಲ, ಆದರೂ ಅವನು ತಿರುಗಲಿಲ್ಲ. ಹಿಂದೆ ಮೂರು ಗಾಡಿ ಬಂದು ನಿಂತವು, ಆಮೇಲೆ ಏಳಾದವು. ನಮ್ಮಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ.

"ರಸ್ತೆ ಖಾಲಿ ಇದೆಯಲ್ಲ, ಯಾಕೆ ತಿರುಗ್ತಿಲ್ಲ ಇವನು?" ಅಂದ ಕ್ಲಾರೆನ್ಸ್. ಮರುಗಳಿಗೆಯೇ, "ಅರೆ, ಅದು ಅರ್ಡಿಸ್ ಗೇಟಲ್ವಾ?" ಅಂದ. ಸಾಲಿನವರ ತಲೆಗಳೆಲ್ಲ ಆ ಗೇಟಿನತ್ತ ತಿರುಗಿದವು.

ಎದುರುಮನೆಯ ಮುಂಬಾಗಿಲು ತೆರೆಯಿತು. ಅರ್ಡಿಸ್ ಕೋಟಿಲ್ಲದೆ ಮೆಟ್ಟಿಲಿಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಓರೆಸ್ಟ್, ತಿರುಗ್ತೀಯೋ ಇಲ್ವೋ?"

ಅಣ್ಣ ಕಿಟಕಿ ಇಳಿಸಿದ. ಅವನ ದನಿ ನಡುಗುತ್ತಿತ್ತು, ಆದರೆ ಹಾಲ್‌ನ ಅಡುಗೆಮನೆಯವರೆಗೂ ಕೇಳಿಸಿತು.

"ತಿರುಗ್ತೀನಿ. ಎಲ್ಲರೂ ನೋಡ್ಕೊಳ್ಳಲಿ ಅಂತ ನಿಂತಿದೀನಿ."

ಅರ್ಡಿಸ್ ಹಾಲ್‌ನ ಮುಂದಿದ್ದ ನಮ್ಮೆಲ್ಲರನ್ನೂ ಒಮ್ಮೆ ನಿಧಾನವಾಗಿ ನೋಡಿದಳು. "ನೋಡಿದ್ರು. ಬಾ, ಕೋಟು ಹಾಕ್ಕೊಂಡು ಬರ್ತೀನಿ" ಎಂದು ಒಳಗೆ ಹೋದಳು.

ಟ್ರಕ್ ಎಡಕ್ಕೆ ತಿರುಗಿ ಗೇಟಿನೊಳಗೆ ಹೋಯಿತು. ನಾನು ಅಲ್ಲೇ ಅಳುತ್ತ ನಿಂತಿದ್ದೆ, ನಾಚಿಕೆಯೇನೂ ಆಗಲಿಲ್ಲ. ಹಿಂದಿದ್ದ ಏಳು ಗಾಡಿಗಳು ಒಂದರ ಹಿಂದೊಂದು ಮುಂದೆ ಬಂದವು. ಮೊದಲನೆಯದು ಕ್ಲಾರೆನ್ಸನ ಹೆಂಡತಿಯದು. ಅವಳು ಬಲಗಡೆಯ ದೀಪ ಹಾಕಿ ಹಾಲ್‌ನತ್ತ ತಿರುಗಿದಳು. ಅವಳ ಹಿಂದಿನವನೂ ಹಾಕಿದ. ಅವನ ಹಿಂದಿನ ಐದು ಜನರೂ ಹಾಕಿದರು.